ಸುವರ್ಣಯುಗದ ವಿಳಾಸ

ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ ಬಸವನಗುಡಿಯ ಮಿತ್ರರೊಬ್ಬರೊಡನೆ ರಸೆಲ್ ಮಾರುಕಟ್ಟೆಗೆ ಹೋಗಿದ್ದೆ. ಹಣ್ಣು ಕೊಳ್ಳುವುದು ನೆಪ, ಹರಟೆಯೇ ಉದ್ದೇಶ. ಮಿತ್ರರು ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಹದಿನೈದು ವರ್ಷಗಳಾದುವು. ಚಹದಂಗಡಿಯ ಮುಂದೆ ನಿಂತು ಚೌಕದ ಗದ್ದಲವನ್ನೊಮ್ಮೆ ನೋಡಿ, ‘ಏನೇ ಹೇಳಿ, ಅರವತ್ತರ ದಶಕದ ಬೆಂಗಳೂರೇ ಬೆಂಗಳೂರು’ ಎಂದರು. ಪಕ್ಕದಲ್ಲಿ ಚಹ ಕುಡಿಯುತ್ತಿದ್ದ ಹಲಸೂರಿನ ಹಿರಿಯರೊಬ್ಬರಿಗೆ ಇದು ಸಹನೆಯಾಗಲಿಲ್ಲ. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರಂತೆ. ‘ಅರವತ್ತರಲ್ಲಿ ಏನಿತ್ತು ಸಾರ್? ಎಪ್ಪತ್ತು ಅನ್ನಿ, ಒಪ್ಪುತ್ತೇನೆ’ ಎಂದರು. ಚಹದಂಗಡಿಯ ಯುವಕ, ಅವನೂ ಈಗ ನಲವತ್ತು ದಾಟಿದವನೇ, ತೊಂಬತ್ತರ ಪರವಾಗಿ ವಾದ ಹೂಡಿದ. ಅರ್ಧ ಗಂಟೆ ಕಳೆದರೂ ತೀರ್ಪು ಬರಲಿಲ್ಲ. ಪಂಚಾಯಿತಿಗೆ ನನ್ನನ್ನು ಕರೆದರು. ನಾನು ಇನ್ನೊಂದು ಚಹ ಕೇಳಿ ಪಾರಾದೆ.

ಅಲ್ಲಿ ತಪ್ಪಿಸಿಕೊಂಡ ಉತ್ತರವನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ. ಏಕೆಂದರೆ ಈ ವಾದ ಚಹದಂಗಡಿಗೆ ಸೀಮಿತವಾಗಿ ಉಳಿದಿಲ್ಲ. ಬೆಂಗಳೂರಿನ ನೆನಪುಗಳೆಂಬುದು ನಮ್ಮಲ್ಲಿ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಪತ್ರಿಕೆಗಳ ಅಂಕಣಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ಆತ್ಮಕಥೆಗಳ ಮೊದಲ ಮೂರು ಅಧ್ಯಾಯಗಳಲ್ಲಿ ಅದು ವರ್ಷವರ್ಷವೂ ಬೆಳೆಯುತ್ತಿದೆ. ಪ್ರಕಾರವೆಂದ ಮೇಲೆ ವಿಮರ್ಶೆಗೂ ಒಳಗಾಗಲೇಬೇಕಷ್ಟೆ.

ಮೊದಲು ವಾದಿಗಳ ವಯಸ್ಸನ್ನು ಗಮನಿಸಿ. ಮಿತ್ರರು ಹುಟ್ಟಿದ್ದು 1950ರಲ್ಲಿ. ಹಲಸೂರಿನವರು ಕಾರ್ಖಾನೆ ಸೇರಿದ್ದು, ಮದುವೆಯಾದದ್ದು ಎರಡೂ ಎಪ್ಪತ್ತರ ದಶಕದಲ್ಲಿ. ಚಹದಂಗಡಿಯವನಿಗೆ ತೊಂಬತ್ತರಲ್ಲಿ ಶಾಲೆಯ ವಯಸ್ಸು. ಮುದುಕರನ್ನು ನೆನಪು ಕೇಳಿದರೆ ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ಸಂಗತಿಗಳೇ ಹೆಚ್ಚಾಗಿ ಹೊರಬರುತ್ತವೆಂದು ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಹೀಗಾಗಿ ‘ಯಾವ ದಶಕ ಚೆನ್ನ’ ಎಂಬ ಪ್ರಶ್ನೆಗೆ ಬರುವ ಉತ್ತರ ಅನೇಕ ವೇಳೆ ಹೇಳುವವರ ಜಾತಕವೇ ಹೊರತು ಊರಿನ ಚರಿತ್ರೆಯಲ್ಲ. ಪಾಶ್ಚಾತ್ಯರು ನಾಸ್ಟಾಲ್ಜಿಯ ಎನ್ನುವ ಪದವನ್ನು 1688ರಲ್ಲಿ ಕಟ್ಟಿದವನು ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ. ಊರು ಬಿಟ್ಟು ದೂರ ಹೋದವರ ಕಾಯಿಲೆಗೆ ಅದು ಹೆಸರಾಗಿತ್ತು. ನಾವು ಅದನ್ನು ಹಳಹಳಿಕೆ ಎನ್ನುತ್ತೇವೆ. ನಮ್ಮ ಮಾತೇ ಮೇಲು ಎನಿಸುತ್ತದೆ ನನಗೆ: ಅದರಲ್ಲಿ ಹಂಬಲವೂ ಇದೆ, ಕೊಂಚ ಗೊಣಗಾಟವೂ ಇದೆ.

ದಶಕವೆಂಬ ಅಳತೆಗೋಲೂ ನಮ್ಮ ಹಿರಿಯರದಲ್ಲ. ಅವರು ಸಂವತ್ಸರದಿಂದ ಎಣಿಸುತ್ತಿದ್ದರು, ಅದೂ ಬಹುಮಟ್ಟಿಗೆ ಕಷ್ಟದಿಂದ. 1876ರಿಂದ 1878ರವರೆಗಿನ ಕ್ಷಾಮ ಹಳ್ಳಿಯ ಬಾಯಲ್ಲಿ ಧಾತು ಈಶ್ವರ ಬರವಾಗಿ ಉಳಿಯಿತು. 1898ರ ಅನಂತರ ಬೆಂಗಳೂರಿನವರು ‘ಪ್ಲೇಗಿಗೆ ಮುಂಚೆ’, ‘ಪ್ಲೇಗಾದ ಮೇಲೆ’ ಎಂದರು. ಆ ದಿನ ಮಾರುಕಟ್ಟೆಯ ಒಳಗೆ ಹಣ್ಣಿನ ವ್ಯಾಪಾರಿಯೊಬ್ಬನನ್ನು ಮಿತ್ರರು, ‘ನಿನಗೆ ಯಾವ ಕಾಲ ಚೆನ್ನಾಗಿತ್ತಪ್ಪ?’ ಎಂದು ಕೇಳಿದರು. ‘ಬೆಂಕಿಗೆ ಮುಂಚೆ’ ಎಂದ ಅವನು, ತಲೆಯೆತ್ತದೆ. 2012ರ ಫೆಬ್ರವರಿಯಲ್ಲಿ ಬಿದ್ದ ಬೆಂಕಿಯಲ್ಲಿ ನೂರಕ್ಕೂ ಹೆಚ್ಚು ಮಳಿಗೆಗಳು ಸುಟ್ಟುಹೋದವು. ಅವನ ಶಕೆ ಅಲ್ಲಿಂದ ಆರಂಭವಾಗುತ್ತದೆ. ಅರವತ್ತು, ಎಪ್ಪತ್ತು ಎಂದು ಎಣಿಸುವುದಕ್ಕೆ ಪಿಂಚಣಿ ಬೇಕೇನೋ!

ನಮ್ಮ ನೆನಪಿನ ಬರಹಗಳ ಸಾಮಗ್ರಿಯನ್ನು ನೋಡೋಣ. ಮನೆಗಳಲ್ಲಿ ಫ್ಯಾನು ಬೇಕಿರಲಿಲ್ಲ, ರಸ್ತೆಯ ಮೇಲೆ ಮರಗಳ ಚಪ್ಪರ, ಸಂಜೆ ತಿರುಗಾಟ, ಮಸಾಲೆದೋಸೆಯ ಬೆಲೆ. ಈ ಬೆಲೆ ಮಾತ್ರ ತಪ್ಪದೆ ಬರುತ್ತದೆ. ದೋಸೆ ಹುಯ್ದವನ ಸಂಬಳ ಎಷ್ಟಿತ್ತೆಂದು ಬರೆದವರನ್ನು ನಾನು ಇನ್ನೂ ಕಾಣೆ. ಬರೆಯುವವರು ಸುಳ್ಳು ಹೇಳುತ್ತಾರೆಂದಲ್ಲ. ಮರ ಇದ್ದದ್ದು ನಿಜ, ಹೋದದ್ದೂ ನಿಜ, ಅದಕ್ಕಾಗಿ ಮರುಗುವುದು ತಪ್ಪಲ್ಲ. ಆದರೆ ಧರ್ಮಾಂಬುಧಿ ಕೆರೆಯಿದ್ದ ಜಾಗ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆಯಿದ್ದ ಜಾಗ ಕ್ರೀಡಾಂಗಣವಾದದ್ದು ಈಚೆಗೆ ಬಂದವರ ಕಾಲದಲ್ಲೇನೂ ಅಲ್ಲ. ಒಳ್ಳೆಯ ದಶಕಗಳೆಂದು ನಾವು ಕೊಂಡಾಡುವ ಕಾಲದಲ್ಲೇ ಅವು ಹೋದವು.

ಜನಗಣತಿಯ ಅಂಕಿಗಳನ್ನು ಒಮ್ಮೆ ತೆರೆದರೆ ಇನ್ನೂ ಬೆರಗಾಗುತ್ತದೆ. 1941ರಲ್ಲಿ ಸುಮಾರು ನಾಲ್ಕು ಲಕ್ಷವಿದ್ದ ಬೆಂಗಳೂರು 1951ರಲ್ಲಿ ಏಳೂಮುಕ್ಕಾಲು ಲಕ್ಷವಾಯಿತು. ಹತ್ತೇ ವರ್ಷದಲ್ಲಿ ಹೆಚ್ಚುಕಡಮೆ ಇಮ್ಮಡಿ. 1971ರಲ್ಲಿ ಹದಿನಾರೂವರೆ ಲಕ್ಷ. 1981ರಲ್ಲಿ ಇಪ್ಪತ್ತೊಂಬತ್ತು ಲಕ್ಷ. ಹಲಸೂರಿನ ಹಿರಿಯರು ಸದ್ದಿಲ್ಲದ ಊರೆಂದು ನೆನೆಯುವ ಎಪ್ಪತ್ತರ ದಶಕದಲ್ಲೇ ಊರು ಮುಕ್ಕಾಲು ಪಾಲು ಬೆಳೆದುಬಿಟ್ಟಿತು! ಆ ಬೆಳವಣಿಗೆಯಲ್ಲಿ ಬಂದು ಸೇರಿದವರೇ ಈಗ ಆ ದಶಕದ ವಕೀಲರು. ಅದೇ ದಶಕದ ಮಧ್ಯೆ ತುರ್ತುಪರಿಸ್ಥಿತಿ ಇತ್ತು. ಅದರ ಬಾಲಕ್ಕೆ 1980–81ರಲ್ಲಿ ಸಾರ್ವಜನಿಕ ಉದ್ಯಮಗಳ ಕಾರ್ಮಿಕರ 77 ದಿನಗಳ ಮುಷ್ಕರ. ‘ಆ ಮುಷ್ಕರದಲ್ಲಿ ನೀವಿದ್ದಿರಾ?’ ಎಂದು ಕೇಳಿದೆ. ಇದ್ದರಂತೆ. ಮನೆಯಲ್ಲಿ ಅಕ್ಕಿಗೆ ತೊಂದರೆಯಾಯಿತಂತೆ. ‘ಆದರೆ ಆಗ ಎಲ್ಲರೂ ಒಟ್ಟಿಗಿದ್ದೆವು ಸಾರ್’ ಎಂದರು. ಅಂಕಿಗಳು ಈ ಮಾತಿಗೆ ಉತ್ತರ ಹೇಳಲಾರವು. ಮಿತ್ರರಿಗೂ 1965–66ರ ಬರಗಾಲದ ಪಡಿತರದ ಸಾಲು ನೆನಪಿದೆ. ಆದರೆ ಆ ಸಾಲೂ ಈಗ ಸಿಹಿಯಾಗಿದೆ. ಸಾಲಿನಲ್ಲಿ ಗಂಟೆಗಟ್ಟಲೆ ನಿಂತವರು ಅವರ ತಾಯಿ, ಇವರು ಪಕ್ಕದಲ್ಲಿ ಗೋಲಿ ಆಡುತ್ತಿದ್ದರು.

ಸಾಹಿತ್ಯದಲ್ಲಿಯೂ ಇದೇ ಕಥೆ. ಕನ್ನಡದ ಸುವರ್ಣಯುಗ ಯಾವುದೆಂದು ಕೇಳಿದರೆ ನಮ್ಮಲ್ಲಿ ಹಿರಿಯರು ಮೂವತ್ತರ ದಶಕವೆನ್ನುತ್ತಾರೆ. ಅವರ ಕೈಯಲ್ಲಿ ಗಟ್ಟಿ ಸಾಕ್ಷ್ಯಗಳಿವೆ: ಬೇಂದ್ರೆಯವರ ‘ಗರಿ’ 1932, ಕಾರಂತರ ‘ಚೋಮನ ದುಡಿ’ 1933, ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936. ಅನಂತರದ ಪೀಳಿಗೆ ‘ತುಘಲಕ್’, ‘ಸಂಸ್ಕಾರ’, ‘ಮಲೆಗಳಲ್ಲಿ ಮದುಮಗಳು’ ಎಂದು ಅರವತ್ತರ ದಶಕವನ್ನು ಎತ್ತಿಹಿಡಿಯುತ್ತದೆ. ಮುಂದಿನವರು ಎಪ್ಪತ್ತರ ದಲಿತ ಬಂಡಾಯದ ಕಾಲವನ್ನು ಬಿಟ್ಟುಕೊಡರು. ಈ ಪಟ್ಟಿಗಳಿಗೆ ನನ್ನ ಆಕ್ಷೇಪಣೆ ಒಂದೇ: ಆ ಕೃತಿಗಳನ್ನು ಹೆಸರಿಸುವವರು ಅವುಗಳ ಮಾತನ್ನು ಕೇಳಿಸಿಕೊಂಡಂತಿಲ್ಲ. ರಸೆಲ್ ಮಾರುಕಟ್ಟೆಯ ಬಾಗಿಲು ತೆರೆದದ್ದೂ 1933ರಲ್ಲಿ, ಚೋಮ ಕನ್ನಡಕ್ಕೆ ಬಂದದ್ದೂ 1933ರಲ್ಲಿ. ತುಂಡು ಭೂಮಿಯನ್ನು ಬೇಸಾಯ ಮಾಡುವ ಆಸೆ ಕೈಗೂಡದೆ ದುಡಿ ಬಡಿಯುತ್ತ ಸತ್ತವನಿಗೆ ಅದು ಯಾವ ಯುಗ? ಆ ದಶಕದಲ್ಲೇ ಬೇಂದ್ರೆ ‘ನರಬಲಿ’ ಕವಿತೆಗಾಗಿ ಸೆರೆಮನೆ ಕಂಡರು. ಸುವರ್ಣಯುಗದ ಉತ್ತಮ ಕೃತಿಗಳು ತಮ್ಮ ಯುಗವನ್ನು ಸುವರ್ಣವೆಂದು ನಂಬಿರಲಿಲ್ಲ. ಅವು ಉತ್ತಮವಾದದ್ದಕ್ಕೆ ಅದೂ ಒಂದು ಕಾರಣ.

ಇನ್ನು ನಾನು ಮುಖ್ಯವೆಂದುಕೊಂಡಿರುವ ಮಾತಿಗೆ ಬರುತ್ತೇನೆ. ನಮ್ಮ ಸುವರ್ಣಯುಗಕ್ಕೆ ಕಾಲವಷ್ಟೇ ಅಲ್ಲ, ವಿಳಾಸವೂ ಇದೆ. ಅದು ಬಸವನಗುಡಿಯಲ್ಲಿದೆ, ಚಾಮರಾಜಪೇಟೆಯಲ್ಲಿದೆ, ಮಲ್ಲೇಶ್ವರದಲ್ಲಿದೆ. ನಿಸಾರ್ ಅಹಮದರ ಮೊದಲ ಕವನ ಸಂಕಲನಕ್ಕೆ ‘ಮನಸು ಗಾಂಧಿಬಜಾರು’ ಎಂದು ಹೆಸರು. 1960ರ ಆ ಹೆಸರಿನಿಂದ ಗಾಂಧಿಬಜಾರು ಕನ್ನಡದ ಮನಸ್ಸಿನಲ್ಲಿ ಶಾಶ್ವತ ಜಾಗ ಪಡೆಯಿತು. ರಸೆಲ್ ಮಾರುಕಟ್ಟೆಗೆ ಆ ಭಾಗ್ಯ ಬರಲಿಲ್ಲ. ಕಾರಣ ಚರಿತ್ರೆಯಲ್ಲಿದೆ. 1809ರಲ್ಲಿ ದಂಡು ಬಂದು ಇಳಿದಂದಿನಿಂದ ಊರು ಎರಡು. 1881ರಲ್ಲಿ ಮೈಸೂರನ್ನು ಅರಸರಿಗೆ ಹಿಂತಿರುಗಿಸಿದಾಗಲೂ ದಂಡುಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು. ಮೈಸೂರಿಗೆ ಅದು ಸೇರಿದ್ದು 1947ರ ಜುಲೈಯಲ್ಲಿ, ಎರಡು ಪುರಸಭೆಗಳು ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. 1927ರಲ್ಲಿ ಕಟ್ಟಿದ ಈ ಮಾರುಕಟ್ಟೆಗೆ ಪುರಸಭೆಯ ಕಮಿಷನರ್ ಟಿ.ಬಿ. ರಸೆಲ್ ಅವರ ಹೆಸರು. ಉದ್ಘಾಟಿಸಿದವರು ವ್ಯಾಪಾರಿ ಇಸ್ಮಾಯಿಲ್ ಸೇಠರು. ಎದುರಿಗೆ ಸಂತ ಮೇರಿಯ ಬೆಸಿಲಿಕ. ಸುತ್ತಲಿನ ಶಿವಾಜಿನಗರಕ್ಕೆ ಹಿಂದೆ ಬ್ಲ್ಯಾಕ್‌ಪಲ್ಲಿ ಎಂದು ಹೆಸರು. ತರಕಾರಿ ಚೌಕಾಸಿಯಲ್ಲಿ ತಮಿಳು, ಉರ್ದು, ಕನ್ನಡ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಆಡಳಿತದ ಗಡಿ ಅಳಿದು ಮುಕ್ಕಾಲು ಶತಮಾನ ದಾಟಿದರೂ ನೆನಪಿನ ಗಡಿ ಅಳಿದಿಲ್ಲ. ದಂಡಿನ ನೆನಪು ಇಂಗ್ಲಿಷಿನಲ್ಲಿ ಬರುತ್ತದೆ, ಬಹುಪಾಲು ಕ್ಲಬ್ಬು, ಬಂಗಲೆ, ಕೇಕಿನ ನೆನಪಾಗಿ, ಪೇಟೆಯದು ಕನ್ನಡದಲ್ಲಿ. ಮಾರುಕಟ್ಟೆಯಲ್ಲಿ ಮೂಟೆ ಹೊತ್ತವರ ನೆನಪು ಎರಡರಲ್ಲೂ ಅಪರೂಪ.

ಇದರಿಂದ ನಷ್ಟವಾದದ್ದು ಕನ್ನಡಕ್ಕೇ. ಒಂದು ಉದಾಹರಣೆ ಸಾಕು. 1959ರಲ್ಲಿ ಮಹಮೂದ್ ಅಯಾಜ್ ಅವರು ಬೆಂಗಳೂರಿನಿಂದ ‘ಸೌಗಾತ್’ ಎಂಬ ಉರ್ದು ಸಾಹಿತ್ಯ ಪತ್ರಿಕೆಯನ್ನು ಹೊರಡಿಸಿದರು. ಹೊಸ ಕಾವ್ಯವನ್ನು ಕುರಿತ ಅದರ ವಿಶೇಷಾಂಕವನ್ನು ಉರ್ದು ಬಲ್ಲವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಅಡಿಗರ ‘ಭೂಮಿಗೀತ’ ಹೊರಬಂದದ್ದೂ 1959ರಲ್ಲಿ. ಅವರ ‘ಸಾಕ್ಷಿ’ ಆರಂಭವಾದದ್ದು 1962ರಲ್ಲಿ. ಒಂದೇ ನಾಡಿನಲ್ಲಿ, ಒಂದೇ ಹೊತ್ತಿನಲ್ಲಿ, ಎರಡು ಭಾಷೆಗಳ ನವ್ಯರು ಹಳೆಯ ಲಯಗಳನ್ನು ಮುರಿಯುತ್ತ ಕುಳಿತಿದ್ದರು. ಅರವತ್ತರ ದಶಕವನ್ನು ಕುರಿತ ನಮ್ಮ ಲೇಖನಗಳನ್ನು ತಿರುವಿಹಾಕಿದರೆ ‘ಸಾಕ್ಷಿ’ಯ ಹೆಸರು ಪುಟಪುಟಕ್ಕೂ ಸಿಗುತ್ತದೆ, ‘ಸೌಗಾತ್’ ಹೆಸರನ್ನು ಹುಡುಕಬೇಕು. ಇದು ದ್ವೇಷವಲ್ಲ, ಕೇವಲ ಅಭ್ಯಾಸ. ಆದರೆ ಅರ್ಧ ಊರನ್ನು ಬಿಟ್ಟು ‘ಆ ಕಾಲದ ಬೆಂಗಳೂರು’ ಎನ್ನುವವರು, ಈಚೆಗೆ ಬಂದವರು ಊರನ್ನು ಕೆಡಿಸಿದರೆಂದು ದೂರುವ ಅಧಿಕಾರವನ್ನೂ ಅದೇ ಅಭ್ಯಾಸದಿಂದ ಪಡೆದುಕೊಳ್ಳುತ್ತಾರೆ. ಅಲ್ಲಿಗೆ ಹಳಹಳಿಕೆ ನಿರಪಾಯಕಾರಿಯಾಗಿ ಉಳಿಯುವುದಿಲ್ಲ. 1991ರ ಕಾವೇರಿ ಗಲಭೆಯನ್ನೂ, 1994ರಲ್ಲಿ ದೂರದರ್ಶನದ ಉರ್ದು ವಾರ್ತೆಯ ಸಂಬಂಧವಾಗಿ ನಡೆದದ್ದನ್ನೂ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾದರೆ ಹಿಂದಿನದನ್ನು ಬರೆಯಲೇಬಾರದೆ? ಬರೆದವರಿದ್ದಾರೆ. ನವರತ್ನ ರಾಮರಾಯರ ‘ಕೆಲವು ನೆನಪುಗಳು’ 1954ರಲ್ಲಿ ಬಂತು. ಅಮಲ್ದಾರಿಕೆಯ ದಿನಗಳನ್ನು ಹೇಳುವಾಗ ಅವರು ಯುಗವನ್ನು ಹೊಗಳುವುದಿಲ್ಲ. ರೈತನನ್ನೋ, ಶಾನುಭೋಗನನ್ನೋ ನಮ್ಮೆದುರು ತಂದು ನಿಲ್ಲಿಸುತ್ತಾರೆ. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಹಿಂದಿನವರ ಮೇಲಿನ ಭಕ್ತಿ ಒಮ್ಮೊಮ್ಮೆ ತುಸು ಅತಿಯಾಯಿತೆಂದು ನನಗೆ ಅನಿಸಿದ್ದುಂಟು. ಆದರೂ ಅದು ಹೆಸರಿಗೆ ತಕ್ಕಂತೆ ಚಿತ್ರಶಾಲೆಯೇ: ಮನುಷ್ಯರ ಮುಖಗಳು, ಅವರ ಮಾತಿನ ವರಸೆ, ಒಬ್ಬೊಬ್ಬರ ಹಟ. ದಶಕಕ್ಕೆ ಅಂಕ ಕೊಡುವ ಕೆಲಸಕ್ಕೆ ಈ ಇಬ್ಬರೂ ಹೋಗಲಿಲ್ಲ. ಶಿವಾಜಿನಗರದಲ್ಲೋ ಹಲಸೂರಿನಲ್ಲೋ ಬೆಳೆದ ಕನ್ನಡಿಗರೊಬ್ಬರು, ಅವರ ಮನೆಮಾತು ಯಾವುದೇ ಆಗಿರಲಿ, ಈ ಚೌಕದ ಮುಖಗಳನ್ನು ಅಷ್ಟು ಹತ್ತಿರದಿಂದ ಬರೆದುಕೊಟ್ಟರೆ ಓದಲು ನಾನು ಕಾದಿದ್ದೇನೆ. ಬೇಗ ಬರೆಯಬೇಕು, ಬಲ್ಲವರಿಗೆ ವಯಸ್ಸಾಗುತ್ತಿದೆ.

ವಾದ ಮುಗಿಸಿ ಹೊರಡುವ ಹೊತ್ತಿಗೆ ಹಲಸೂರಿನವರು ಮಿತ್ರರ ಕೈ ಹಿಡಿದು, ತಾವು ಹುಡುಗನಾಗಿದ್ದಾಗ ತಂದೆ ಕರೆತರುತ್ತಿದ್ದ ಮೀನಿನ ಬಾಗಿಲು ಯಾವುದೆಂದು ತೋರಿಸುತ್ತೇನೆ ಬನ್ನಿ ಎಂದರು. ಮಿತ್ರರು ಜನ್ಮತಃ ಮೀನಿನ ವಾಸನೆಗೆ ಮೂಗು ಮುಚ್ಚುವವರು. ಆದರೂ ಹೊರಟರು. ಆ ಬಾಗಿಲು ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಆ ಹಿರಿಯರಿಗೂ ಒಬ್ಬ ಮುದಿ ಹಮಾಲಿಗೂ ಹೊಸ ವಾದ ಹತ್ತಿತು. ಹಣ್ಣಿನ ಚೀಲ ಹಿಡಿದು ನಾನು ಹಿಂದೆ ನಿಂತಿದ್ದೆ.