ಮೋನಿಕಾಳ ಪ್ರಾರ್ಥನೆಯನ್ನು ಪೂರ್ತಿ ಓದಬೇಕು

ಪ್ರತಿವರ್ಷ ಆಗಸ್ಟ್ 27ರಂದು ಕ್ಯಾಥೊಲಿಕರು ಸಂತ ಮೋನಿಕಾಳ ಹಬ್ಬ ಆಚರಿಸುತ್ತಾರೆ. ಮರುದಿನ ಅವಳ ಮಗ ಸಂತ ಅಗಸ್ಟೀನನ ಹಬ್ಬ. ಈ ಹಬ್ಬದ ಪ್ರವಚನಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಕಥೆ ಒಂದೇ: ಮಗ ದಾರಿ ತಪ್ಪಿದ, ತಾಯಿ ವರ್ಷಗಟ್ಟಲೆ ಕಣ್ಣೀರಿಟ್ಟು ಬೇಡಿಕೊಂಡಳು, ಮಗ ಮರಳಿ ಬಂದು ಸಂತನಾದ. ಚರ್ಚಿಗೆ ಹೋಗುವುದನ್ನು ನಿಲ್ಲಿಸಿದ ಮಗನೋ, ದೇವರೇ ಇಲ್ಲವೆನ್ನುವ ಮಗಳೋ ಇರುವ ತಂದೆತಾಯಿಗೆ ಈ ಕಥೆ ದೊಡ್ಡ ಆಸರೆ. ಆದರೆ ಕಥೆಯ ಮೂಲವಾದ ಪುಸ್ತಕ ಇಷ್ಟು ಸರಳವಾಗಿಲ್ಲ. ಅಗಸ್ಟೀನ ಸುಮಾರು 397ರಿಂದ 400ರ ನಡುವೆ ಬರೆದ ‘ಕನ್ಫೆಷನ್ಸ್’ ತಾಯಿಯ ಪ್ರಾರ್ಥನೆ ಫಲಿಸಿದ್ದನ್ನು ಹೇಳುವಂತೆಯೇ ಅದು ಎಡವಿದ್ದನ್ನೂ, ತಿದ್ದಿಕೊಂಡದ್ದನ್ನೂ ಹೇಳುತ್ತದೆ. ನಮ್ಮ ಭಕ್ತಿ ಮೊದಲನೆಯದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟಿದೆ ಎಂಬುದೇ ನನ್ನ ಆಕ್ಷೇಪ.

ಅಗಸ್ಟೀನ ಹುಟ್ಟಿದ್ದು 354ರಲ್ಲಿ, ಉತ್ತರ ಆಫ್ರಿಕದ ತಗಾಸ್ಟೆಯಲ್ಲಿ. ಇಂದು ಅದು ಅಲ್ಜೀರಿಯಾದ ಸೂಕ್ ಅಹ್ರಾಸ್. ತಾಯಿ ಕ್ರೈಸ್ತಳು, ತಂದೆ ಪತ್ರೀಸಿಯುಸ್ ಕ್ರೈಸ್ತನಾದದ್ದು ಬದುಕಿನ ಕೊನೆಗಾಲದಲ್ಲಿ. ಕಾರ್ಥೇಜಿಗೆ ಓದಲು ಹೋದ ಹುಡುಗ ಹತ್ತೊಂಬತ್ತರ ವಯಸ್ಸಿನಲ್ಲಿ ರೋಮನ್ ಚಿಂತಕ ಸಿಸಿರೋನ ಗ್ರಂಥವೊಂದನ್ನು ಓದಿ ಜ್ಞಾನದ ಹಂಬಲ ಹತ್ತಿಸಿಕೊಂಡ. ಆಮೇಲೆ ಬೈಬಲ್ ಹಿಡಿದರೆ ಅದರ ಭಾಷೆ ಒರಟಾಗಿ ಕಂಡಿತು. ಕೆಡುಕು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಮನೆಯ ಧರ್ಮದಲ್ಲಿ ಉತ್ತರ ಕಾಣದೆ, ಜಗತ್ತನ್ನು ಬೆಳಕು ಮತ್ತು ಕತ್ತಲೆಯ ಹೋರಾಟವೆಂದು ವಿವರಿಸುತ್ತಿದ್ದ ಮನಿಕೇಯ ಪಂಥ ಸೇರಿದ. ಒಂಬತ್ತು ವರ್ಷಗಳಷ್ಟು ಕಾಲ ಅಲ್ಲೇ ಇದ್ದ. ಮಕ್ಕಳು ವಿಶ್ವಾಸ ಬಿಟ್ಟಾಗ ನಾವು ಕೂಡಲೇ ಸಹವಾಸದೋಷವನ್ನೋ ಮೊಬೈಲನ್ನೋ ದೂರುತ್ತೇವೆ. ಅಗಸ್ಟೀನನಲ್ಲಿ ಯೌವನದ ಚಪಲ ಇದ್ದದ್ದು ನಿಜ. ಆದರೆ ಅವನು ಮನೆಯ ಧರ್ಮದಿಂದ ದೂರವಾದದ್ದಕ್ಕೆ ಓದು ಮತ್ತು ಪ್ರಶ್ನೆಗಳೂ ಕಾರಣ. ಆ ಪ್ರಶ್ನೆಗಳನ್ನು ಗೌರವಿಸದೆ ಅವನಿಗಾಗಿ ಯಾರೂ ನಿಜವಾಗಿ ಪ್ರಾರ್ಥಿಸಲಾರರು.

ಮೋನಿಕಾಳ ಮೊದಲ ಪ್ರತಿಕ್ರಿಯೆಯಲ್ಲಿ ಆ ಗೌರವ ಇರಲಿಲ್ಲ. ಅವಳು ಮಗನನ್ನು ತನ್ನ ಮನೆಯಲ್ಲಿ ಇರಗೊಡಲಿಲ್ಲ, ಜೊತೆಗೆ ಊಟಕ್ಕೆ ಕೂರಗೊಡಲಿಲ್ಲ. ಆಗ ಅವಳಿಗೊಂದು ಕನಸು ಬಿತ್ತು. ಕನಸಿನಲ್ಲಿ ಅವಳು ಮರದ ಅಳತೆಪಟ್ಟಿಯೊಂದರ ಮೇಲೆ ದುಃಖಿಸುತ್ತ ನಿಂತಿದ್ದಾಳೆ. ತೇಜಸ್ವಿ ಯುವಕನೊಬ್ಬ ನಗುತ್ತ ಬಂದು ಅಳುವುದೇಕೆಂದು ಕೇಳುತ್ತಾನೆ. ಮಗ ಹಾಳಾದನೆಂದು ಅವಳು ಹೇಳಿದಾಗ, ಅವಳಿರುವಲ್ಲೇ ಅವನೂ ಇದ್ದಾನೆ, ನೋಡು ಎನ್ನುತ್ತಾನೆ. ತಿರುಗಿದರೆ ಮಗ ಅದೇ ಪಟ್ಟಿಯ ಮೇಲೆ ಪಕ್ಕದಲ್ಲೇ ನಿಂತಿದ್ದಾನೆ. ಇದನ್ನು ಕೇಳಿದ ಅಗಸ್ಟೀನ, ಹಾಗಾದರೆ ತಾಯಿಯೇ ಒಂದು ದಿನ ತನ್ನ ಕಡೆಗೆ ಬರುತ್ತಾಳೆಂದು ಅರ್ಥ ಹಚ್ಚಿದ. ಅವಳು ಒಂದು ಕ್ಷಣವೂ ತಡವರಿಸದೆ, ಕನಸು ಹೇಳಿದ್ದು ಹಾಗಲ್ಲ, ಅವನೇ ತಾನಿರುವಲ್ಲಿಗೆ ಬರುವನೆಂದು ತಿದ್ದಿದಳು. ಕನಸಿಗಿಂತ ಆ ಉತ್ತರವೇ ತನಗೆ ಹೆಚ್ಚು ನಾಟಿತೆಂದು ಮಗ ಬರೆದಿದ್ದಾನೆ. ನನಗೆ ಮುಖ್ಯವಾಗಿ ಕಾಣುವುದು ಕನಸಿನ ನಂತರ ಆದದ್ದು: ಮಗ ಇನ್ನೂ ಮನಿಕೇಯನಾಗಿಯೇ ಇದ್ದ, ಆದರೂ ತಾಯಿ ಅವನನ್ನು ಮನೆಗೆ, ಊಟಕ್ಕೆ ಸೇರಿಸಿಕೊಂಡಳು. ಪ್ರಾರ್ಥನೆಯಿಂದ ಮೊದಲು ಬದಲಾದವಳು ಪ್ರಾರ್ಥಿಸಿದವಳೇ.

ಮುಂದೆ ಅವಳು ಒಬ್ಬ ಬಿಷಪ್ಪರ ಬಳಿ ಹೋಗಿ, ಮಗನೊಡನೆ ವಾದಿಸಿ ಸರಿದಾರಿಗೆ ತನ್ನಿರೆಂದು ಅಂಗಲಾಚಿದಳು. ಬಾಲ್ಯದಲ್ಲಿ ಅವರ ತಾಯಿಯೇ ಅವರನ್ನು ಮನಿಕೇಯರ ಕೈಗೊಪ್ಪಿಸಿದ್ದಳು. ಯಾರೂ ವಾದಿಸದೆಯೇ, ಆ ಪಂಥದ ಪುಸ್ತಕಗಳನ್ನು ತಾವೇ ಓದಿ ಅದರಿಂದ ಹೊರಬಂದವರು ಅವರು. ಹುಡುಗ ಇನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ, ಅವನ ಪಾಡಿಗೆ ಬಿಡು, ದೇವರಲ್ಲಿ ಮಾತ್ರ ಬೇಡಿಕೋ, ಓದುತ್ತ ಓದುತ್ತ ತಾನೇ ಕಂಡುಕೊಳ್ಳುತ್ತಾನೆ ಎಂಬುದು ಅವರ ಸಲಹೆ. ಅವಳು ಬಿಡದೆ ಅತ್ತಾಗ, ಇಷ್ಟು ಕಣ್ಣೀರಿನ ಮಗ ನಾಶವಾಗಲಾರನೆಂದು ಸ್ವಲ್ಪ ಬೇಸರದಿಂದಲೇ ಹೇಳಿ ಕಳಿಸಿದರು. ಭಕ್ತರ ನೆನಪಿನಲ್ಲಿ ಉಳಿದದ್ದು ಈ ಕೊನೆಯ ಮಾತು. ಅದಕ್ಕಿಂತ ತೂಕದ ಮಾತು ಮೊದಲನೆಯದು.

383ರಲ್ಲಿ ಅಗಸ್ಟೀನ ರೋಮಿಗೆ ಹೊರಟಾಗ ತಾಯಿ ಕಡಲತೀರದವರೆಗೂ ಬಂದು ಅವನನ್ನು ಹಿಡಿದುಕೊಂಡಳು. ಗೆಳೆಯನೊಬ್ಬನನ್ನು ಬೀಳ್ಕೊಡಲು ಬಂದಿದ್ದೇನೆಂದು ಅವನು ಸುಳ್ಳು ಹೇಳಿದ. ಆ ರಾತ್ರಿ ಅವಳು ಹತ್ತಿರದಲ್ಲೇ ಇದ್ದ ಸಂತ ಸಿಪ್ರಿಯನ್ನನ ಪ್ರಾರ್ಥನಾಲಯದಲ್ಲಿ ಮಗ ಹೋಗದಿರಲಿ ಎಂದು ಬೇಡುತ್ತಿರುವಾಗಲೇ ಹಡಗು ಹೊರಟುಹೋಯಿತು. ಬೆಳಗಾದಾಗ ದಡದಲ್ಲಿ ಅವಳೊಬ್ಬಳೇ. ಈ ಘಟನೆಗೆ ಅಗಸ್ಟೀನ ಕೊಡುವ ವಿವರಣೆ ಪುಸ್ತಕದ ಅತ್ಯಂತ ಹರಿತವಾದ ಒಳನೋಟಗಳಲ್ಲಿ ಒಂದು: ಅವಳು ಯಾವಾಗಲೂ ಬೇಡುತ್ತಿದ್ದುದನ್ನು ಕೊಡುವುದಕ್ಕಾಗಿಯೇ, ಅವಳು ಆ ರಾತ್ರಿ ಬೇಡಿದ್ದನ್ನು ದೇವರು ಕೊಡಲಿಲ್ಲ. ಮಗನನ್ನು ಕಣ್ಣೆದುರೇ ಇಟ್ಟುಕೊಳ್ಳುವ ಆಸೆಯೂ ಅವನ ಹಿತದ ಆಸೆಯೂ ಆ ಪ್ರಾರ್ಥನೆಯಲ್ಲಿ ಕಲೆತುಹೋಗಿದ್ದವು. ಮಕ್ಕಳಿಗಾಗಿ ಬೇಡುವ ಬಹುಪಾಲು ಹೆತ್ತವರ ಪ್ರಾರ್ಥನೆಯೂ ಹೀಗೆಯೇ ಇರುತ್ತದೆ.

ರೋಮಿನಿಂದ ಮಗ ಮಿಲಾನಿಗೆ ಹೋದ, ತಾಯಿಯೂ ಅಲ್ಲಿಗೆ ಬಂದಳು. ಅಲ್ಲಿ ಈ ಬೆರಕೆ ಒಬ್ಬ ಹೆಣ್ಣಿನ ಬದುಕನ್ನೇ ಮುರಿಯಿತು. ಒಂದು ದಶಕಕ್ಕೂ ಹೆಚ್ಚು ಕಾಲ ಅಗಸ್ಟೀನನೊಡನೆ ಬಾಳಿ ಅವನಿಗೆ ಮಗನನ್ನು ಹೆತ್ತವಳು ಅವಳು. ಮದುವೆಯಾದರೆ ಮಗ ಜ್ಞಾನಸ್ನಾನಕ್ಕೂ ಒಪ್ಪುವನೆಂಬ ಭರವಸೆಯಿಂದ ಮೋನಿಕಾ ಮದುವೆಯ ವಯಸ್ಸಿಗೆ ಇನ್ನೂ ಸುಮಾರು ಎರಡು ವರ್ಷ ಬಾಕಿಯಿದ್ದ ಹುಡುಗಿಯನ್ನು ಗೊತ್ತುಮಾಡಿದಳು. ಈ ಮದುವೆಯ ಬಗ್ಗೆ ದೇವರ ಇಷ್ಟ ತಿಳಿಯಲು ಪ್ರಾರ್ಥಿಸಿದಳು, ಸ್ಪಷ್ಟ ಉತ್ತರ ಬರಲಿಲ್ಲ. ಆದರೂ ಏರ್ಪಾಡು ನಿಲ್ಲಲಿಲ್ಲ. ಅಗಸ್ಟೀನನೊಡನೆ ಬಾಳಿದ ಆ ಹೆಣ್ಣು ತನ್ನ ಮಗನನ್ನು ಬಿಟ್ಟು ಆಫ್ರಿಕಕ್ಕೆ ಮರಳಬೇಕಾಯಿತು. ಅಗಸ್ಟೀನ ತನ್ನ ಎದೆ ಸೀಳಿದ್ದನ್ನು ಬರೆಯುತ್ತಾನೆ, ಅವಳ ಹೆಸರು ಬರೆಯುವುದಿಲ್ಲ. ಕೃತಿಯ ದೊಡ್ಡ ಕೊರತೆ ಇದು.

ಇನ್ನೊಂದು ಕೊರತೆಯೂ ಇದೆ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಮನಸ್ಸು ತಿರುಗಿ, 387ರ ಈಸ್ಟರ್‌ನಲ್ಲಿ ಅಲ್ಲಿನ ಬಿಷಪ್ ಆಂಬ್ರೋಸರಿಂದ ಜ್ಞಾನಸ್ನಾನ ಪಡೆದ ಮಗ ಬರೆದ ಪುಸ್ತಕ ಇದು. ಗೆಲುವಿನ ತುದಿಯಿಂದ ಹಿಂದಿರುಗಿ ನೋಡಿದಾಗ ಪ್ರತಿ ಕಣ್ಣೀರಿಗೂ ಅರ್ಥ ಸಿಗುತ್ತದೆ. ಮರಳದ ಮಕ್ಕಳ ತಾಯಂದಿರಿಗೆ ಇಲ್ಲಿ ಜಾಗವಿಲ್ಲ. ಅವರು ಇದನ್ನು ಓದಿ ತಮ್ಮ ಪ್ರಾರ್ಥನೆಯೇ ಸಾಲದಾಯಿತೇನೋ ಎಂದು ಕೊರಗಬಹುದು. ಅಷ್ಟೇ ಅಲ್ಲ, ಮುಂದೆ ಬಿಷಪ್ಪನಾದ ಅಗಸ್ಟೀನ, ಆಫ್ರಿಕದ ಸಭೆಯಿಂದ ಬೇರ್ಪಟ್ಟಿದ್ದ ಡೊನಾಟಿಸ್ಟ್ ಪಂಥದವರನ್ನು ಸಾಮ್ರಾಜ್ಯದ ಕಾನೂನಿನ ಒತ್ತಾಯದಿಂದ ಸಭೆಗೆ ತರುವುದನ್ನು ಮೊದಲು ವಿರೋಧಿಸಿ ನಂತರ ಒಪ್ಪಿದ; 408ರ ಸುಮಾರಿನ ಪತ್ರವೊಂದರಲ್ಲಿ ಅದನ್ನು ಸಮರ್ಥಿಸಿದ. ತನ್ನನ್ನು ತನ್ನ ಪಾಡಿಗೆ ಬಿಟ್ಟದ್ದರಿಂದಲೇ ದಾರಿ ಕಂಡವನು ಆ ಅವಕಾಶವನ್ನು ಬೇರೆಯವರಿಗೆ ಕೊಡಲಿಲ್ಲ.

ಹಾಗಾದರೆ ಹೆತ್ತವರ ಈ ಪ್ರಾರ್ಥನೆಯನ್ನು ಹೇಗೆ ತೂಗಬೇಕು? ದೊಡ್ಡವರಾದ ಮಕ್ಕಳಿಗಾಗಿ ಹೀಗೆ ಬೇಡುವುದೇ ಅವರಿಗೆ ಮಾಡುವ ಅವಮಾನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಮ್ಮ ಬಾಳಿನಲ್ಲಿ ಎಲ್ಲಕ್ಕಿಂತ ದೊಡ್ಡದೆಂದು ನಂಬಿದ್ದನ್ನು ಮಕ್ಕಳಿಗೂ ಬಯಸಬೇಡಿ ಎಂದರೆ ಪ್ರೀತಿಸಬೇಡಿ ಎಂದಂತೆಯೇ. ಆದರೆ ಪ್ರಾರ್ಥನೆ ಯಾರ ಕಿವಿಗೆ ಹೋಗುತ್ತಿದೆ ಎಂಬುದನ್ನು ನೋಡಬೇಕು. ಕರಾವಳಿಯ ಕ್ಯಾಥೊಲಿಕರ ಮನೆಗಳಲ್ಲಿ ಸಂಜೆ ತೇರ್ಸ್ (ಜಪಮಾಲೆ) ಹೇಳುವಾಗ, ಕ್ರಿಸ್ಮಸ್ ರಜೆಗೆ ಬಂದ ಮಗ ಪಕ್ಕದ ಕೋಣೆಯಲ್ಲಿರುವುದು ಗೊತ್ತಿದ್ದೇ ಅವನ ಮನಪರಿವರ್ತನೆಗಾಗಿ ದನಿಯೆತ್ತರಿಸಿ ಬೇಡಿದರೆ, ಆ ಮಾತು ದೇವರಿಗಿಂತ ಮೊದಲು ಮಗನಿಗೆ ತಲುಪುತ್ತದೆ. ಪ್ರಾರ್ಥನಾಕೂಟದಲ್ಲಿ ಮಗಳ ಹೆಸರು ಹಿಡಿದು ಅವಳ ಅವಿಶ್ವಾಸವನ್ನು ಊರಿಗೆಲ್ಲ ತಿಳಿಸುವುದೂ ಹಾಗೆಯೇ. ಅದು ಒತ್ತಡ. ಲೂಕನ ಸುವಾರ್ತೆಯ 15ನೇ ಅಧ್ಯಾಯದ, ಮನೆ ಬಿಟ್ಟುಹೋದ ಮಗನ ಸಾಮತಿಯಲ್ಲಿ ತಂದೆ ಇಂಥ ಒತ್ತಡ ಹೇರಲಿಲ್ಲ: ಮಗನ ಪಾಲನ್ನು ಕೊಟ್ಟು ಕಳಿಸಿದ, ಹಿಂದೆ ಆಳುಗಳನ್ನು ಅಟ್ಟಲಿಲ್ಲ. ಮಗ ಇನ್ನೂ ದೂರದಲ್ಲಿರುವಾಗಲೇ ಕಂಡು ಓಡಿಹೋಗಿ ಅಪ್ಪಿಕೊಂಡ.

387ರಲ್ಲಿ, ಐವತ್ತಾರನೇ ವಯಸ್ಸಿನಲ್ಲಿ, ಮೋನಿಕಾ ಓಸ್ತಿಯಾ ಬಂದರಿನಲ್ಲಿ ತೀರಿಕೊಂಡಳು. ಊರಿನಲ್ಲಿ ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂಬ ಹಳೆಯ ಹಟವನ್ನೂ ಆಗ ಬಿಟ್ಟಿದ್ದಳು. ದೇಹವನ್ನು ಎಲ್ಲಾದರೂ ಹೂಳಿ, ದೇವರ ಪೀಠದ ಬಳಿ ನನ್ನನ್ನು ನೆನೆಯಿರಿ ಎಂದಷ್ಟೇ ಕೇಳಿದಳು. ಒಂಬತ್ತನೇ ಭಾಗದ ಕೊನೆಯಲ್ಲಿ ಮಗನೇ ತಾಯಿಗಾಗಿ ಪ್ರಾರ್ಥಿಸುತ್ತಾನೆ. ಇಡೀ ಪುಸ್ತಕದಲ್ಲಿ ಅವಳ ಹೆಸರು ಬರುವುದು ಅಲ್ಲಿ ಮಾತ್ರ. ಹಿಡಿದದ್ದನ್ನು ಒಂದೊಂದಾಗಿ ಬಿಡಲು ಕಲಿತದ್ದೇ ಅವಳ ಪ್ರಾರ್ಥನೆಯ ದೊಡ್ಡ ಸಾಧನೆ ಎಂದು ನನಗನಿಸುತ್ತದೆ. ಮಗ ಮರಳದೇ ಹೋಗಿದ್ದರೂ ಆ ಸಾಧನೆ ಸುಳ್ಳಾಗುತ್ತಿರಲಿಲ್ಲ.

ಆದ್ದರಿಂದ ಹೆತ್ತವರಲ್ಲಿ ನನ್ನ ವಿನಂತಿ: ಬೇಡುವುದನ್ನು ನಿಲ್ಲಿಸಬೇಡಿ. ಆದರೆ ಮಕ್ಕಳು ಬಿಟ್ಟುಹೋದದ್ದೇಕೆಂದು ಅವರ ಬಾಯಿಂದಲೇ ಕೇಳಿ, ಅವರು ಓದಿದ್ದನ್ನು ನೀವೂ ಓದಿ, ಅವರ ಊಟದ ತಟ್ಟೆಗೆ ಷರತ್ತು ಹಾಕಬೇಡಿ. ಉಳಿದದ್ದನ್ನು ನೀವು ನಂಬಿದ ದೇವರಿಗೇ ಬಿಡಿ.