ಎಂಟು ಕಿಟಕಿ, ಒಂದು ಪರದೆ

ನಮ್ಮೂರು ಮಂಗಳೂರು ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ ಮೀನಿನ ಬಗ್ಗೆ ಕೇಳುತ್ತಾರೆ. ಕಡಲು ಇಲ್ಲದ ಮಂಗಳೂರೂ ಒಂದು ಐತಿ ನೋಡ್ರಿ, ಕೊಪ್ಪಳ ಜಿಲ್ಲೆಯಲ್ಲಿ. ಅಲ್ಲಿರೋ ನಮ್ಮ ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸೋಣ ಅಂತ ಅಣ್ಣ ಎರಡು ವರ್ಷದಿಂದ ಹೇಳುತ್ತಿದ್ದಾನೆ. ಬೇಡ ಅಂತ ನಾನು ಬೆಂಗಳೂರಿನಲ್ಲಿ ಕೂತು ಹೇಳುತ್ತಿದ್ದೇನೆ.

ಈ ಜಗಳ ತಲೆಯಲ್ಲಿರುವಾಗಲೇ ಒಂದು ಭಾನುವಾರ ಅವ್ವನನ್ನು ಕರಕೊಂಡು ಮೈಸೂರಿನ ಯಾದವಗಿರಿಗೆ ಹೋದೆ, ಆರ್.ಕೆ. ನಾರಾಯಣ್ ಮನೆ ನೋಡಲು. ಈ ಮನೆಯೂ ನೆಲಸಮ ಆಗಬೇಕಿತ್ತು. 2011ರಲ್ಲಿ ಕೆಡವುವ ಕೆಲಸ ಶುರುವಾಗಿತ್ತು. ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಸರ್ಕಾರ ತಡೆಯಿತು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ನಮ್ಮ ತೆರಿಗೆ ದುಡ್ಡು ಯಾಕೆ ಅಂತ ಕೆಲವು ಕನ್ನಡ ಸಾಹಿತಿಗಳು ಕೇಳಿದರು. ಕೊನೆಗೆ ಪಾಲಿಕೆ ದುರಸ್ತಿ ಮಾಡಿಸಿ 2016ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು.

ಸಾಹಿತಿಗಳ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದದ್ದು ಹಿಂದಿ, ಇಂಗ್ಲಿಷಿನಲ್ಲಿ. ದೂರದರ್ಶನದಲ್ಲಿ ಅದು ಮತ್ತೆ ಬಂದಾಗ ಹಿಂದಿ ಒಂದಕ್ಷರ ಬಾರದ ನಮ್ಮವ್ವ ಸ್ವಾಮಿಯ ಪಾಡು ನೋಡಿ ನಗುತ್ತಿದ್ದಳು. ಆ ಮನೆ ನಮಗೂ ಸೇರಿದ್ದು.

ನನ್ನ ತಕರಾರು ಬೇರೆ. ಒಳಗೆ ಕೋಟು, ಕನ್ನಡಕ, ಪದಕ, ಪುಸ್ತಕ, ಫೋಟೋ. ಎಲ್ಲ ಚೊಕ್ಕ. ಆದರೆ ಕೋಣೆಯಿಂದ ಕೋಣೆಗೆ ಹೋದಂತೆ ಸುಣ್ಣ ಹೊಡೆದ ಖಾಲಿತನವೇ ಹೆಚ್ಚು ಕಂಡಿತು. ಅವ್ವ ಒಂದು ಸುತ್ತು ಹಾಕಿ ಬಂದು ಮೆಲ್ಲಗೆ ಕೇಳಿದಳು: "ಅಲ್ಲೋ, ಇವ್ರು ಉಣ್ತಿದ್ದಿದ್ದು ಎಲ್ಲಿ?"

ಇದಕ್ಕಿಂತ ಒಳ್ಳೆಯ ವಿಮರ್ಶೆ ನನ್ನಿಂದ ಆಗಲಿಕ್ಕಿಲ್ಲ. ಕುಪ್ಪಳಿಯ ಕವಿಮನೆಯಲ್ಲಿ ಪಾತ್ರೆ ಪಗಡ, ಒಲೆ, ತೊಟ್ಟಿ ನೋಡುತ್ತ ಹೋದರೆ ಒಂದು ದೊಡ್ಡ ಸಂಸಾರ ಹೇಗೆ ಬದುಕಿತ್ತು ಅಂತ ತಿಳಿಯುತ್ತದೆ. ಇಲ್ಲಿ ಪದ್ಮಭೂಷಣ ಬಂದದ್ದು ತಿಳಿಯುತ್ತದೆ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ತಿಳಿಯುತ್ತದೆ. ಒಬ್ಬ ಮನುಷ್ಯ ಬೆಳಗ್ಗೆ ಎದ್ದು ಏನು ಮಾಡುತ್ತಿದ್ದ ಅನ್ನುವುದು ತಿಳಿಯೋದಿಲ್ಲ.

ಹೇಳಲಿಕ್ಕೆ ಕಥೆ ಇಲ್ಲ ಅಂತೇನಲ್ಲ. ಮಹಡಿಯ ಕೋಣೆಗೆ ನಾರಾಯಣ್ ಎಂಟು ಕಿಟಕಿ ಇಡಿಸಿದ್ದರು. ಚಾಮುಂಡಿ ಬೆಟ್ಟ, ಗೋಪುರ, ಮೇಯುವ ದನ ಎಲ್ಲ ಕಾಣುತ್ತಿತ್ತು. ಆ ನೋಟದಲ್ಲಿ ಬರವಣಿಗೆಯೇ ಸಾಗಲಿಲ್ಲ. ಆಮೇಲೆ ಪರದೆ ಎಳೆದು ಕೂತರು, ದಿನಕ್ಕೆ ಸಾವಿರ ಪದ ಬರೆದರು. ಇದನ್ನು ಅವರೇ ಬರೆದುಕೊಂಡಿದ್ದಾರೆ. ಎರಡು ಮಾನಿಟರ್, ಹತ್ತು ಚಾಟ್ ವಿಂಡೋ ತೆರೆದಿಟ್ಟು ಕೋಡ್ ಬರೆಯುವ ನನಗೆ ಪದಕಗಳಿಗಿಂತ ಆ ಪರದೆ ಹತ್ತಿರದ್ದು. ಒಂದು ಮೇಜು, ಒಂದು ಕುರ್ಚಿ, ಎಳೆದ ಪರದೆ ಇಟ್ಟು ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಿದ್ದರೆ ಸಾಕಿತ್ತು.

ಅವ್ವನಿಗೆ ಈ ಕಥೆ ಹೇಳಿದೆ. "ನೀನೂ ಎಸ್ಸೆಸ್ಸೆಲ್ಸಿಯೊಳಗ ಹಿಂಗ ಕಿಟಕಿಗೆ ಗೋಣಿಚೀಲ ಕಟ್ಟಿದ್ದಿ" ಅಂದಳು. ಮರೆತೇಬಿಟ್ಟಿದ್ದೆ. ಆ ಕಿಟಕಿ ಈಗಲೂ ಮಂಗಳೂರಲ್ಲಿದೆ.

ವಾಪಸ್ ಬರುವಾಗ ಕಾರಿನಲ್ಲಿ, "ನಮ್ಮ ಮಾಳಿಗೆನೂ ಹಿಂಗ ಉಳಿಸಿಕೊಂಡ್ರ ಹೆಂಗವ್ವಾ?" ಅಂದೆ.

"ಮಳೆಗಾಲ ಬರೂದ್ರಾಗ ಮಾಳಿಗಿ ಮ್ಯಾಲ ಮಣ್ಣು ಹಾಕೋರು ಯಾರು? ಪ್ರತಿ ವರ್ಷ ನಿಮ್ಮಣ್ಣ ಹಾಕ್ತಾನ. ನೀ ಬರ್ತಿಯೇನು?"

ನಾನು ಬಯಸುತ್ತಿದ್ದದ್ದೂ ಇಂಥದೇ ಒಂದು ಮ್ಯೂಸಿಯಂ ಅಂತ ಆಗ ಗೊತ್ತಾಯಿತು: ಯಾರೂ ಉಣ್ಣದ, ನಾನು ವರ್ಷಕ್ಕೊಮ್ಮೆ ಬಂದು ಫೋಟೋ ತೆಗೆಯುವ ಮನೆ. ಅಣ್ಣ ಕೇಳುತ್ತಿರುವುದು ಸೋರದ ಸೂರು.

ರಾತ್ರಿ ಅವನಿಗೆ ಫೋನ್ ಮಾಡಿದೆ. ಕೆಡವು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಮಣ್ಣು ಹಾಕೋದು ಯಾವಾಗ ಅಂತ ಕೇಳಿದೆ.