ಏರಿನ ಓಟಕ್ಕೆ ಜಿಗಿತದ ಪಟ್ಟ

ಗುಡ್ಡ ಹತ್ತಿ ಓಡಿದರೆ ಪ್ಲೈಯೊಮೆಟ್ರಿಕ್ಸ್ ತಾನಾಗಿಯೇ ಆಗಿಬಿಡುತ್ತದೆ, ಬಾಕ್ಸ್ ಮೇಲಿಂದ ಧುಮುಕುವ ರಗಳೆ ಬೇಡ ಎಂಬ ಮಾತು ಓಟಗಾರರ ನಡುವೆ ಓಡಾಡುತ್ತಿರುತ್ತದೆ. ಇದಕ್ಕೆ ಸಾಕ್ಷಿಯಾಗಿ ಎಳೆದು ತರುವ ಹೆಸರು ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ಅವರದು. ಸಾಕ್ಷಿಯೇನೋ ದೊಡ್ಡದೇ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಇಬ್ಬರು ಶಿಷ್ಯರು ಒಂದೇ ದಿನ ಚಿನ್ನ ಗೆದ್ದರು: 800 ಮೀಟರ್‌ನಲ್ಲಿ ಪೀಟರ್ ಸ್ನೆಲ್, 5000 ಮೀಟರ್‌ನಲ್ಲಿ ಮರ್ರೆ ಹಾಲ್ಬರ್ಗ್. ಆದರೆ ಲಿಡಿಯಾರ್ಡ್ ಗುಡ್ಡದ ಮೇಲೆ ನಿಜಕ್ಕೂ ಏನು ಮಾಡಿಸುತ್ತಿದ್ದರು ಎಂದು ವಿಚಾರಿಸುವವರು ಕಡಿಮೆ.

ಮೊದಲು ಪ್ಲೈಯೊಮೆಟ್ರಿಕ್ಸ್ ಎಂದರೇನು ನೋಡೋಣ. ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿ 1960ರ ದಶಕದಲ್ಲಿ ತಮ್ಮ ಜಿಗಿತಗಾರರನ್ನು ಎತ್ತರದಿಂದ ಕೆಳಕ್ಕೆ ಧುಮುಕಿಸಿ, ಕಾಲು ನೆಲ ಮುಟ್ಟಿದ ಮರುಗಳಿಗೆಯೇ ಮೇಲಕ್ಕೆ ಹಾರಿಸುತ್ತಿದ್ದರು. ಬಿದ್ದ ರಭಸಕ್ಕೆ ಸ್ನಾಯು ಮತ್ತು ಸ್ನಾಯುರಜ್ಜು ಹಿಗ್ಗುತ್ತವೆ; ಆ ಹಿಗ್ಗು ಇಂಗಿಹೋಗುವ ಮೊದಲೇ ಕುಗ್ಗಿ ಮೈಯನ್ನು ಮೇಲಕ್ಕೆ ಚಿಮ್ಮಿಸುತ್ತವೆ. ನೆಲದ ಮೇಲೆ ಕಾಲು ನಿಲ್ಲುವ ಹೊತ್ತು ಸುಮಾರು ಕಾಲು ಸೆಕೆಂಡಿನ ಒಳಗಿರಬೇಕು. ತಡವಾದರೆ ಚಿಮ್ಮುವ ಶಕ್ತಿ ಬಿಸಿಯಾಗಿ ವ್ಯರ್ಥವಾಗುತ್ತದೆ. ಅಂದರೆ ಬೀಳಬೇಕು, ಹಿಗ್ಗಬೇಕು, ಥಟ್ಟನೆ ಏಳಬೇಕು.

ಏರಿನಲ್ಲಿ ಸಿಗದಿರುವುದು ಈ ಬೀಳುವಿಕೆಯೇ. ಮುಂದಿನ ಹೆಜ್ಜೆ ಊರುವ ಜಾಗ ಹಿಂದಿನದಕ್ಕಿಂತ ಎತ್ತರದಲ್ಲಿರುವುದರಿಂದ ನೆಲವೇ ಎದ್ದು ಬಂದು ಪಾದಕ್ಕೆ ತಾಗುತ್ತದೆ. ಗಾಟ್‌ಶಾಲ್ ಮತ್ತು ಕ್ರಾಮ್ ಎಂಬ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಳತೆ ಇದನ್ನೇ ಹೇಳುತ್ತದೆ: ಸಮತಟ್ಟಾದ ಓಟಕ್ಕೆ ಹೋಲಿಸಿದರೆ 9 ಡಿಗ್ರಿ ಏರಿನಲ್ಲಿ ಪಾದಕ್ಕೆ ತಗಲುವ ಪೆಟ್ಟು ಶೇ. 39ರಷ್ಟು ಕಡಿಮೆ, ಅಷ್ಟೇ ಇಳಿಜಾರಿನಲ್ಲಿ ಶೇ. 54ರಷ್ಟು ಹೆಚ್ಚು. ನಂದಿ ಬೆಟ್ಟದ ತಿರುವುಗಳಲ್ಲಿ ಏದುಸಿರು ಬಿಡುತ್ತಾ ಓಡುವವರ ಕಾಲನ್ನು ಗಮನಿಸಿ. ಪಾದ ನೆಲಕ್ಕೆ ಅಂಟಿಕೊಂಡಂತಿರುತ್ತದೆ, ಮೊಣಕಾಲು ಮಡಿಸಿಯೇ ಇರುತ್ತದೆ, ಪೃಷ್ಠ ಮತ್ತು ತೊಡೆಯ ಸ್ನಾಯುಗಳು ಮೈಭಾರವನ್ನು ತಳ್ಳಿ ತಳ್ಳಿ ಮೇಲೇರಿಸುತ್ತವೆ. ಬಲ ಬೆಳೆಸುವ ಕೆಲಸ ಇದು, ಚೆನ್ನಾಗಿಯೂ ಬೆಳೆಸುತ್ತದೆ. ಪುಟಿಯುವ ಗುಣ ಮಾತ್ರ ಸಮತಟ್ಟಾದ ರಸ್ತೆಯ ಓಟದಲ್ಲೇ ಇದಕ್ಕಿಂತ ಹೆಚ್ಚು. ಗುಡ್ಡ ಅದನ್ನು ಕೂಡಿಸುವ ಬದಲು ಕಳೆಯುತ್ತದೆ.

ಹಾಗಾದರೆ ಇಳಿಯುವಾಗ? ಹಿಗ್ಗು ಅಲ್ಲಿ ಧಾರಾಳವಾಗಿದೆ, ಆದರೆ ಹೆಚ್ಚಿನವರು ಅದನ್ನು ಬ್ರೇಕ್ ಹಾಕುವುದಕ್ಕೇ ಖರ್ಚು ಮಾಡುತ್ತಾರೆ. ಎರಡು ದಿನ ಮೆಟ್ಟಿಲು ಇಳಿಯಲಾಗದಂತೆ ತೊಡೆ ಹಿಡಿದುಕೊಳ್ಳುವುದು ಅದಕ್ಕೇ.

ಲಿಡಿಯಾರ್ಡ್ ಇದನ್ನೆಲ್ಲ ಪ್ರಯೋಗಾಲಯದಲ್ಲಿ ಕಲಿತವರಲ್ಲ. ಶೂ ಕಾರ್ಖಾನೆಯಲ್ಲಿ ದುಡಿಯುತ್ತಾ, ತಮ್ಮ ಮೈಯನ್ನೇ ದಂಡಿಸಿ ಕಂಡುಕೊಂಡವರು. ಅವರ ಶಿಷ್ಯರು ಏರಿನಲ್ಲಿ ಬರೀ ಓಡುತ್ತಿರಲಿಲ್ಲ. ಮಂಡಿ ಎತ್ತಿ, ಹಿಂಗಾಲನ್ನು ಬೆರಳ ತುದಿಯವರೆಗೆ ನೀಟವಾಗಿ ಚಾಚಿ, ಮುಂದಕ್ಕಿಂತ ಮೇಲಕ್ಕೇ ಹೆಚ್ಚಾಗಿ ನೆಗೆಯುತ್ತಾ ನಿಧಾನವಾಗಿ ಸಾಗುತ್ತಿದ್ದರು. ಮೇಲೆ ಹೋಗಿ ಸುಧಾರಿಸಿಕೊಂಡು, ಮೈ ಸಡಿಲ ಬಿಟ್ಟು ಉದ್ದ ಹೆಜ್ಜೆಯಲ್ಲಿ ಇಳಿದು, ಕೆಳಗೆ ಸಮತಟ್ಟಿನಲ್ಲಿ ವೇಗವಾಗಿ ಓಡುತ್ತಿದ್ದರು. ಈ ನೆಗೆತ ಪ್ಲೈಯೊಮೆಟ್ರಿಕ್ಸ್‌ನ ಅಂಗಳಕ್ಕೆ ಬಂದೇ ಬಿಡುತ್ತದೆ ಎಂದು ನನ್ನ ಅಭಿಪ್ರಾಯ. ಪೆಟ್ಟು ಕಡಿಮೆ ಇರುವುದರಿಂದ ಹೊಸಬರಿಗೆ ಒಳ್ಳೆಯ ಆರಂಭವೂ ಹೌದು. ಅಷ್ಟಾಗಿಯೂ ಅವರು ಈ ಹಂತಕ್ಕೆ ಬಿಡುತ್ತಿದ್ದುದು ವಾರಕ್ಕೆ ಸುಮಾರು 160 ಕಿಲೋಮೀಟರ್ ಓಡಿ ಹದಗೊಂಡ ಕಾಲುಗಳನ್ನು. ಆ ಅಡಿಪಾಯವನ್ನು ಬಿಟ್ಟು ನೆಗೆತವನ್ನಷ್ಟೇ ಎರವಲು ಪಡೆದವರ ಮೀನಖಂಡ, ಹಿಮ್ಮಡಿಗಳು ದೂರು ಹೇಳಿದರೆ ತಪ್ಪು ಲಿಡಿಯಾರ್ಡರದಲ್ಲ.

ಹೆಸರಲ್ಲೇನಿದೆ, ಪ್ರಯೋಜನವಾದರೆ ಸಾಕು ಎನ್ನಬಹುದು. ಆದರೆ ಗುಡ್ಡ ಓಡಿದ್ದಾಯಿತು ಎಂದು ಜಿಗಿತವನ್ನು ಕೈಬಿಟ್ಟವರಿಗೆ ನಷ್ಟವಿದೆ. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫಿನ್ಲೆಂಡಿನ ಪಾವೊಲೈನನ್ ಮತ್ತು ಸಂಗಡಿಗರು 9 ವಾರ ಕಾಲ ಓಟಗಾರರ ಅಭ್ಯಾಸದಲ್ಲಿ ಓಟದ ಒಂದು ಪಾಲನ್ನು ತೆಗೆದು ಜಿಗಿತ, ಸ್ಪ್ರಿಂಟ್, ಹಗುರ ತೂಕದ ವೇಗದ ವ್ಯಾಯಾಮಗಳಿಗೆ ಕೊಟ್ಟರು. ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಏರದಿದ್ದರೂ 5 ಕಿಲೋಮೀಟರ್ ಓಟದ ಸಮಯ ಸುಧಾರಿಸಿತು. ಅದೇ ವೇಗಕ್ಕೆ ಖರ್ಚಾಗುವ ಶಕ್ತಿ ತಗ್ಗಿತ್ತು.

ಬಾಕ್ಸ್ ಮೇಲಿಂದ ಧುಮುಕಲು ಹೆದರುವವರಿಗೆ ಸ್ಕಿಪ್ಪಿಂಗ್ ಹಗ್ಗ ಇದ್ದೇ ಇದೆ. ಮೊಣಕಾಲು ಹೆಚ್ಚು ಮಡಿಸದೆ, ಹಿಮ್ಮಡಿ ನೆಲಕ್ಕೆ ತಾಗಿಸದೆ, ಟೆರೇಸಿನ ಮೇಲೆ ಐದು ನಿಮಿಷ ಆಡಿದರೆ ಅದರಲ್ಲಿ ಬೆಟ್ಟದ ಏರಿನಲ್ಲಿಲ್ಲದ ಪುಟಿತವಿದೆ. ಏರಿನ ಓಟವನ್ನು ಅದರ ಪಾಡಿಗೆ ಬೇರೊಂದು ದಿನ ಇಟ್ಟುಕೊಳ್ಳಬಹುದು.